ತಾಲೀಮಿನ ಮನೆ

"ಮನೇಲಿ ಹಗಲೊತ್ತು ಯಾರಿರ್ತಾರೆ?"

"ಯಾರೂ ಇರಲ್ಲ."

"ನೀವು ಎಷ್ಟೊತ್ತಿಗೆ ಬರ್ತೀರಿ?"

"ಹೇಳೋಕಾಗಲ್ಲ. ಒಂದೊಂದು ದಿನ ಬರೋದೇ ಇಲ್ಲ."

"ನಾಯಿ ಸೋಫಾ ಹತ್ತಿದ್ರೆ ಏನ್ಮಾಡ್ತೀರಿ?"

"ನಂದು ಅಂತ ಸೋಫಾ ಇಲ್ಲ ಮೇಡಂ. ಇರೋದು ನಾಟಕದ್ದು. ಅದರಲ್ಲಿ ಮೊಳೆ ಎದ್ದಿದೆ, ಪಾತ್ರಧಾರಿಗಳೇ ನೋಡ್ಕೊಂಡು ಕೂರ್ತಾರೆ."

ಅವಳು ಕುರ್ಚಿಗೆ ಒರಗಿ ಕೈಕಟ್ಟಿದಳು. ನಾಯಿ ಕೇಳಿಕೊಂಡು ಬರುವವರನ್ನು ಎಷ್ಟೋ ಬಗೆಯಲ್ಲಿ ನೋಡಿದ್ದಳು. ಪರದೆಯ ಬಣ್ಣಕ್ಕೆ ಹೊಂದುವ ನಾಯಿ ಕೇಳಿದವರಿದ್ದರು. ಬೊಗಳದ ನಾಯಿ ಕೇಳಿದವರಿದ್ದರು. ಒಬ್ಬ ಮಹಾನುಭಾವ ಕೂದಲು ಉದುರದ ನಾಯಿಯಾದರೆ ಮಾತ್ರ ಅಂದಿದ್ದ, ಅವನ ತಲೆಯಲ್ಲೇ ಒಂದೆಳೆ ಕೂದಲಿರಲಿಲ್ಲ. ಆದರೆ ಇಷ್ಟು ನೆಮ್ಮದಿಯಿಂದ ಪ್ರತಿ ಪ್ರಶ್ನೆಗೂ ತಪ್ಪು ಉತ್ತರ ಕೊಡುವ ಮನುಷ್ಯನನ್ನು ಈವರೆಗೆ ಕಂಡಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಅಂದಳು. "ನಿಮಗೆ ನಾಯಿ ಕೊಡೋಕಾಗಲ್ಲ."

"ಬೇಜಾರೇನಿಲ್ಲ. ನಾಯಿ ಕೇಳೋಕೆ ನಾನು ಬಂದೇ ಇಲ್ಲ." ಅವನು ಜೇಬಿನಿಂದ ಅಳತೆಯ ಟೇಪು ತೆಗೆದು ಮೇಜಿನ ಮೇಲಿಟ್ಟ. "ಮನೆ ಕಟ್ಟೋಕೆ ಬಂದಿದೀನಿ. ಡಾಕ್ಟರಮ್ಮ ಫೋನ್ ಮಾಡಿದ್ರು."

"ಅದನ್ನ ಮೊದಲೇ ಹೇಳೋದಲ್ವಾ?"

"ಬಂದ ಕೂಡಲೇ ಕೂತ್ಕೊಳ್ಳಿ ಅಂದ್ರಿ, ಕೂತೆ. ಕೇಳಿದ್ರಿ, ಹೇಳಿದೆ. ನನ್ನನ್ನ ಇಷ್ಟು ವಿಚಾರಿಸ್ಕೊಂಡವರು ಈಚೆಗೆ ಯಾರೂ ಇರ್ಲಿಲ್ಲ, ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ."

ಅವಳ ಕಿವಿಯ ತುದಿ ಕೆಂಪಾಯಿತು. ಅವನು ನಗುತ್ತಿರಲಿಲ್ಲ, ಆದರೆ ನಗುವಿಗೆ ಸಿದ್ಧನಾಗಿದ್ದ. ಎಡಗಣ್ಣು ಒಂದಿಷ್ಟು ಕಿರಿದಾಗಿತ್ತು. ಹುಬ್ಬಿನ ಮೇಲೆ ಮರದ ಹೊಟ್ಟು ಕೂತಿತ್ತು. ಒರೆಸಿಕೊಳ್ಳಿ ಎಂದು ಹೇಳಲೋ ಬೇಡವೋ ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಎದ್ದು, "ಯಾವ ಕಡೆ ಮೇಡಂ, ನಿಮ್ಮ ಮನೆ?" ಎಂದ.

ಮನೆಯ ಯೋಚನೆ ಅವಳದೇ.

ಊರಿನ ಅಂಚಿನ ಆ ಆಶ್ರಯದಲ್ಲಿ ಅವಳು ನಾಯಿಗಳಿಗೆ ಪಾಠ ಹೇಳುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಟೀಚರ್. ಕೂರು, ಇರು, ಬಿಡು, ಹಗ್ಗ ಜಗ್ಗದೆ ಪಕ್ಕದಲ್ಲಿ ನಡೆ. ನಾಯಿಗಳು ಚೆನ್ನಾಗಿ ಕಲಿಯುತ್ತಿದ್ದವು. ಆದರೆ ಜಾಲರಿ, ಸಿಮೆಂಟು ನೆಲ, ಕಬ್ಬಿಣದ ಗೇಟು ಬಿಟ್ಟು ಬೇರೇನನ್ನೂ ನೋಡದ ಜೀವಗಳು, ಯಾರದೋ ಮನೆಗೆ ಹೋದ ಮೊದಲ ದಿನವೇ ಕಂಗಾಲಾಗುತ್ತಿದ್ದವು. ತಲೆಯ ಮೇಲೆ ತಿರುಗುವ ಫ್ಯಾನು, ಕನ್ನಡಿಯೊಳಗಿನ ಇನ್ನೊಂದು ನಾಯಿ, ಮೆಟ್ಟಿಲು, ಬಾಗಿಲ ಬೆಲ್ಲು. ಒಂದೊಂದೂ ಒಂದೊಂದು ಭೂತ. ಮಂಚದ ಕೆಳಗೆ ಸೇರಿದ ನಾಯಿ ಈಚೆಗೆ ಬಾರದು. ವಾರ ತುಂಬುವುದರೊಳಗೆ ಮನೆಯವರು ಹಗ್ಗದ ತುದಿಯನ್ನು ಅವಳ ಕೈಗಿಟ್ಟು, ಅವಳ ಮುಖ ನೋಡದೆ ಹೇಳುತ್ತಿದ್ದರು: "ಹೊಂದಾಣಿಕೆ ಆಗ್ಲಿಲ್ಲ."

ಆ ಎರಡು ಪದ ಕೇಳಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಹಾಗಾದ್ರೆ ಇಲ್ಲೇ ಒಂದು ಮನೆ ಮಾಡೋಣ," ಎಂದಿದ್ದಳು ಡಾಕ್ಟರಮ್ಮನ ಹತ್ತಿರ. ಆಶ್ರಯ ನಡೆಸುತ್ತಿದ್ದ ಪಶುವೈದ್ಯೆ ಅವರು. ದೊಡ್ಡ ಗಂಟಲು, ಮೆತ್ತನೆ ಮನಸ್ಸು. "ಹಳೇ ಗೋಡೌನು ಖಾಲಿ ಇದೆಯಲ್ಲ. ಸುಳ್ಳು ಮನೆ ಆದ್ರೂ ಪರವಾಗಿಲ್ಲ, ತಾಲೀಮು ಆಗುತ್ತೆ."

ಸುಳ್ಳು ಮನೆ ಎಂದ ಕೂಡಲೇ ಡಾಕ್ಟರಮ್ಮನಿಗೆ ನಾಟಕ ಕಂಪನಿಯ ಬಡಗಿ ನೆನಪಾಗಿದ್ದ. ರಂಗದ ಮೇಲೆ ಅರಮನೆ, ಆಸ್ಪತ್ರೆ, ಹಡಗು, ಏನು ಹೇಳಿದರೂ ಎಬ್ಬಿಸಿ ನಿಲ್ಲಿಸುವವನು. ಕಂಪನಿಯಲ್ಲಿ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಇಲ್ಲಿಯೂ ಅದೇ ಉಳಿಯಿತು.

ಗೋಡೌನಿನ ದಾರಿಯಲ್ಲಿ ಒಂದು ದೊಡ್ಡ ಕಂದು ನಾಯಿ, ಮೂತಿಯ ಸುತ್ತ ಬೆಳ್ಳಗಾದದ್ದು, ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು. ಮೇಸ್ತ್ರಿ ಹತ್ತಿರ ಹೋದಾಗ ಅದು ಬೊಗಳಲಿಲ್ಲ. ಗಂಟಲಲ್ಲೇ ಏನೋ ಉದ್ದಕ್ಕೆ ಗೊಣಗಿತು.

"ಬೈತಿದೆಯಾ?"

"ಇಲ್ಲ, ಅದು ಅವನ ಮಾತು. ಗೊಣಗಪ್ಪ ಅಂತ ಹೆಸರು. ಈ ಮನೆ ಮುಖ್ಯವಾಗಿ ಇವನಿಗೇ."

ಗೊಣಗಪ್ಪನನ್ನು ಎರಡು ಮನೆಯವರು ಕರೆದೊಯ್ದು ವಾಪಸ್ ತಂದಿದ್ದರು. ಕಚ್ಚಲಿಲ್ಲ, ಕೆಡಿಸಲಿಲ್ಲ. ಬಾಗಿಲು ದಾಟಲಿಲ್ಲ, ಅಷ್ಟೇ. ಎಂಥ ಬಾಗಿಲಾದರೂ ಹೊಸ್ತಿಲ ಆಚೆಯೇ ಕೂತುಬಿಡುವನು. ಬಿಸ್ಕತ್ತು ತೋರಿಸಿದರೂ ಇಲ್ಲ, ಗದರಿದರೂ ಇಲ್ಲ. ಬಿಸಿಲಿಗೆ, ಗಾಳಿಗೆ ಒಡ್ಡಿಕೊಂಡು, ಒಳಗಿನ ದೀಪವನ್ನು ನೋಡುತ್ತಾ ಕೂರುವನು.

"ಯಾಕಂತೆ?" ಮೇಸ್ತ್ರಿ ಕೇಳಿದ.

"ಹೇಳಿದ್ರೆ ತಾನೇ. ನಮ್ಮ ಹತ್ರ ಬರೋಕೆ ಮುಂಚೆ ಏನಾಗಿತ್ತೋ."

ಅವನು ಗೊಣಗಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೇಪು ಬಿಚ್ಚಿ, ಬಹಳ ಗೌರವದಿಂದ ಅದರ ಭುಜದ ಎತ್ತರ ಅಳೆದ. "ಬಾಗಿಲು ಇವನ ಅಳತೆಗೇ ಮಾಡೋಣ," ಎಂದ.

ಮನೆ ಮೆಲ್ಲಗೆ ಎದ್ದಿತು. ಪ್ಲೈವುಡ್ಡಿನ ಗೋಡೆ, ಗೋಡೆಗೆ ತಿಳಿಹಳದಿ ಬಣ್ಣ. ಹತ್ತಿ ಇಳಿಯುವುದಕ್ಕಷ್ಟೇ ಇದ್ದ, ಎಲ್ಲಿಗೂ ಹೋಗದ ಮೆಟ್ಟಿಲು. ಡಾಕ್ಟರಮ್ಮನ ಮನೆಯಿಂದ ಬಂದ ಹಳೆಯ ಸೋಫಾ. ಒಂದು ಕನ್ನಡಿ, ಒಂದು ಫ್ಯಾನು, ನೀರು ಬಾರದ ನಲ್ಲಿಯ ಅಡುಗೆಕಟ್ಟೆ. ಮತ್ತು ಅಗಲವಾದ, ಗಟ್ಟಿ ಮರದ ಹೊಸ್ತಿಲಿದ್ದ ಒಂದು ಬಾಗಿಲು.

ಒಂದು ಮಧ್ಯಾಹ್ನ ಅವಳು ಹೋಗಿ ನೋಡಿದರೆ ಅವನು ಕಿಟಕಿಯ ಹಿಂದೆ ನಿಂತು ಕುಂಚ ಆಡಿಸುತ್ತಿದ್ದ. ಕಿಟಕಿಯಾಚೆಗೆ ಒಂದು ಊರು ಮೂಡುತ್ತಿತ್ತು. ದೂರದ ಗುಡ್ಡ, ಗುಡ್ಡದ ತಲೆಗೆ ಸಿಕ್ಕಿಕೊಂಡ ಮೋಡ, ಒಂದು ಮನೆಯ ಮಾಳಿಗೆಯಲ್ಲಿ ಒಣಹಾಕಿದ ನೀಲಿ ಸೀರೆ.

"ಇದನ್ನ ನಾಯಿಗಳು ನೋಡಲ್ಲ ಮೇಸ್ತ್ರಿ. ಚಿತ್ರ ಅಂದ್ರೆ ಅವುಕ್ಕೆ ಗೋಡೆ ಇದ್ದ ಹಾಗೇ."

"ನಾಯಿಗಳಿಗೆ ಬರೆದಿದ್ದಲ್ಲ."

ಅವನು ತಿರುಗಲಿಲ್ಲ. ಸೀರೆಯ ಅಂಚನ್ನು ತಿದ್ದುತ್ತಲೇ ಇದ್ದ. ಅವಳು ಅಂದು ಉಟ್ಟಿದ್ದೂ ನೀಲಿಯೇ ಎಂಬುದು ಅವಳಿಗೆ ಸಂಜೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು.

ಮನೆ ಮುಗಿದ ಮೇಲೂ ಮೇಸ್ತ್ರಿ ಬರುತ್ತಿದ್ದ. ಒಂದು ದಿನ ಕೀಲಿಗೆ ಎಣ್ಣೆ ಬಿಡಬೇಕಿತ್ತು. ಇನ್ನೊಂದು ದಿನ ಎಣ್ಣೆ ಜಾಸ್ತಿಯಾಗಿತ್ತು, ಒರೆಸಬೇಕಿತ್ತು. ಕೊನೆಗೆ ನೆಪ ಹುಡುಕುವ ಕಷ್ಟ ಅವಳೇ ತಪ್ಪಿಸಿದಳು. ತಾಲೀಮಿಗೆ ಒಬ್ಬ ಮನೆಯಜಮಾನ ಬೇಕಾಗಿತ್ತು.

"ಬೆಲ್ ಮಾಡಿ ಒಳಗೆ ಬರ್ಬೇಕು," ಅವಳು ವಿವರಿಸಿದಳು. ಅವಳ ಕೈಯಲ್ಲಿ ಗಡಿಬಿಡಿ ಎಂಬ ಬಿಳಿ ಹೆಣ್ಣು ನಾಯಿ ಸ್ಪ್ರಿಂಗಿನಂತೆ ಕುಣಿಯುತ್ತಿತ್ತು. "ಇವಳು ಮೈಮೇಲೆ ಹಾರ್ತಾಳೆ. ನೀವು ಇವಳನ್ನ ನೋಡ್ಲೇಬಾರ್ದು. ನನ್ನ ಮಾತ್ರ ನೋಡ್ಬೇಕು."

"ಎಷ್ಟೊತ್ತು?"

"ಇವಳು ಸುಮ್ಮನೆ ಕೂರೋವರೆಗೂ."

"ಕೂರದೇ ಇದ್ರೆ?"

"ನೋಡ್ತಾನೇ ಇರ್ಬೇಕು."

"ಸರಿ ಟೀಚರ್," ಎಂದ ಅವನು, ಶಾಲೆಯ ಹುಡುಗನಷ್ಟು ವಿಧೇಯನಾಗಿ.

ಬೆಲ್ಲಾಯಿತು. ಬಾಗಿಲು ತೆರೆಯಿತು. ಗಡಿಬಿಡಿ ಅವನ ಮಂಡಿಗೆ, ಸೊಂಟಕ್ಕೆ, ಎದೆಗೆ ಹಾರಿದಳು. ಅವನು ಅಲುಗದೆ ಟೀಚರನ್ನು ನೋಡಿದ. ಅವಳು ಪಾಠದ ಕಣ್ಣಿನಿಂದ ತಿರುಗಿ ನೋಡಿದಳು. ಅವನ ರೆಪ್ಪೆಗಳು ಗಂಡಸಿಗೆ ಸಲ್ಲದಷ್ಟು ಉದ್ದ. ಕಣ್ಣಿನ ಕಂದು ಬಣ್ಣದಲ್ಲಿ ಬಾಗಿಲ ಬೆಳಕು ಚೌಕವಾಗಿ ನಿಂತಿತ್ತು, ಚೌಕದ ನಡುವೆ ಚಿಕ್ಕದಾಗಿ ಅವಳೇ ಇದ್ದಳು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಪೈಪಿನಿಂದ ನೆಲ ತೊಳೆಯುತ್ತಿದ್ದ ಸದ್ದು ಎಲ್ಲೋ ದೂರದ ಹೊಳೆಯಂತೆ ಕೇಳುತ್ತಿತ್ತು.

"ಟೀಚರ್," ಅವನು ಮೆಲ್ಲಗೆ ಅಂದ. "ನಾಯಿ ಆಗಲೇ ಕೂತಿದೆ."

"ಗೊತ್ತು."

"ಮತ್ತೆ?"

"ಸ್ವಲ್ಪ ಜಾಸ್ತಿ ಹೊತ್ತು ಇದ್ರೆ ಪಾಠ ಗಟ್ಟಿಯಾಗುತ್ತೆ," ಎಂದಳು, ಮತ್ತು ನಾಲಿಗೆ ಕಚ್ಚಿಕೊಂಡಳು.

ಆಮೇಲಿನ ದಿನಗಳು ಮಂಪರಿನಲ್ಲಿ ಕಳೆದಂತೆ ಕಳೆದವು. ಆ ಹಳದಿ ಗೋಡೆಗಳ ನಡುವೆ ಅವರಿಬ್ಬರು ಚಹಾ ಕುಡಿದರು, ಪೇಪರು ಓದಿದರು, ಬಾರದ ನೀರಿನಲ್ಲಿ ಪಾತ್ರೆ ತೊಳೆದರು. ನಾಯಿಗಳು ಕಾಲ ಬಳಿ ಮಲಗಲು ಕಲಿತವು. ಗಡಿಬಿಡಿ ಒಂದು ಒಳ್ಳೆಯ ಮನೆ ಸೇರಿದಳು, ವಾಪಸ್ ಬರಲಿಲ್ಲ. ಇನ್ನೂ ಕೆಲವರು ಹೋದರು, ಯಾರೂ ಬರಲಿಲ್ಲ. ಡಾಕ್ಟರಮ್ಮ ಗೋಡೌನಿನ ಮುಂದೆ ಹಾದುಹೋಗುವಾಗೆಲ್ಲ, "ಏನ್ರಪ್ಪಾ, ಸಂಸಾರ ಹೇಗಿದೆ?" ಎಂದು ಕೂಗುತ್ತಿದ್ದರು. ಟೀಚರ್ ಮುಖ ಊದಿಸಿಕೊಳ್ಳುವಳು. ಮೇಸ್ತ್ರಿ ಮಾತ್ರ ಗಂಭೀರವಾಗಿ, "ನಲ್ಲೀಲಿ ನೀರು ಬರ್ತಿಲ್ಲ ಡಾಕ್ಟ್ರೇ, ಅದೊಂದು ಬಿಟ್ರೆ ಸುಖ," ಎನ್ನುವನು.

ಗೊಣಗಪ್ಪ ಮಾತ್ರ ಹೊಸ್ತಿಲಾಚೆ ಕೂತಿದ್ದ. ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಗೊಣಗುತ್ತಿದ್ದ.

ಜಗಳದ ಪಾಠವೂ ಅವಳದೇ ಯೋಚನೆ. ಮನೆ ಅಂದ ಮೇಲೆ ದನಿ ಏರುತ್ತದೆ. ಏರಿದ ದನಿಗೆ ಹೆದರಿ ನಾಯಿ ಮೂಲೆ ಸೇರಬಾರದು.

"ಜಗಳ ನನಗೆ ಬಿಡಿ. ನಾಟಕದಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ," ಎಂದು ಮೇಸ್ತ್ರಿ ಕೈ ಸೊಂಟಕ್ಕಿಟ್ಟ. "ಒದ್ದೆ ಟವೆಲ್ ಹಾಸಿಗೆ ಮೇಲೆ ಯಾಕಿದೆ?"

"ಒರೆಸ್ಕೊಂಡೋರನ್ನ ಕೇಳಿ!"

"ನನ್ನ ಚಪ್ಪಲಿ ಎಲ್ಲಿ?"

"ನಾಯಿ ತಿಂತು!"

"ನಾಯಿ ನಿಂದಾ ನಂದಾ?"

"ಚಪ್ಪಲಿ ತಿಂದಾಗ ನಂದು, ಬಾಲ ಆಡಿಸಿದಾಗ ನಿಮ್ದು!"

ಇಬ್ಬರೂ ನಗು ತಡೆದುಕೊಂಡು ಕೂಗುತ್ತಿದ್ದರು. ಹೊರಗಿನಿಂದ ಗೊಣಗಪ್ಪನ ಹಿಮ್ಮೇಳ ಬೇರೆ. ಮೇಸ್ತ್ರಿ ಮುಂದಿನ ಸಾಲಿಗೆ ತಡಕಾಡಿದ. ಹಳೆಯ ಯಾವುದೋ ನಾಟಕದ ಮಾತು ನಾಲಿಗೆಗೆ ಬಂತು, ಗಂಟಲೆತ್ತಿ ಅಂದುಬಿಟ್ಟ: "ನಿನ್ನ ಜೊತೆ ಯಾರಿಗೆ ಇರೋಕಾಗುತ್ತೆ?"

ಅವಳ ಮುಖದ ನಗು ಇದ್ದಲ್ಲೇ ನಿಂತು, ಆಮೇಲೆ ಆರಿಹೋಯಿತು. ಎಲ್ಲಿಗೂ ಹೋಗದ ಆ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು.

"ಯಾರಿಗೂ ಆಗಲ್ಲ," ಎಂದಳು. ಅದು ತಾಲೀಮಿನ ದನಿಯಾಗಿರಲಿಲ್ಲ. "ಅದಕ್ಕೇ ತಾನೇ ವಾಪಸ್ ಬಂದಿದ್ದು."

ಮೇಸ್ತ್ರಿಯ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ, ಏನೋ ಆಯಿತೆಂದು ತಿಳಿಯಿತು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂಬುದೂ ಅವಳಿಗೆ ಮರೆತಿತ್ತು.

ಆಗ ಹಲಗೆಯ ನೆಲದ ಮೇಲೆ ಉಗುರಿನ ಸದ್ದು ಕೇಳಿಸಿತು.

ಗೊಣಗಪ್ಪ ಎದ್ದಿದ್ದ. ಹೊಸ್ತಿಲನ್ನು ಮೂಸಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ದಿನಾ ಓಡಾಡುವ ದಾರಿಯೇನೋ ಎಂಬಂತೆ ಬಾಗಿಲು ದಾಟಿ, ಸೋಫಾ ಬಳಸಿ, ಸೀದಾ ಬಂದು ತನ್ನ ಭಾರವಾದ ತಲೆಯನ್ನು ಅವಳ ಮಂಡಿಯ ಮೇಲೆ ಇಳಿಸಿದ. ಉದ್ದಕ್ಕೆ ಏನೋ ಗೊಣಗಿದ.

"ಟೀಚರ್..."

"ಮಾತಾಡ್ಬೇಡಿ," ಅವಳು ಉಸಿರಲ್ಲೇ ಅಂದಳು. ಅಳುವಿನ ನಡುವೆ ಮುಖವೆಲ್ಲ ಬೆಳಗುತ್ತಿತ್ತು. "ಅಲುಗಾಡ್ಬೇಡಿ. ಒಳಗೆ ಬಂದಿದಾನೆ. ಅವನಿಗೇ ಗೊತ್ತಾಗಿಲ್ಲ."

ಎಷ್ಟೋ ಹೊತ್ತು ಮೂವರೂ ಹಾಗೇ ಇದ್ದರು.

ಆ ಸಂಜೆ ಅವಳು ಹೇಳಿದಳು. ಮದುವೆಯಾಗಿತ್ತು. ಒಳ್ಳೆಯ ಮನೆ, ಯಾರೂ ಕೆಟ್ಟವರಲ್ಲ. ಕೂತರೆ ಯಾಕೆ ಕೂತೆ, ಎದ್ದರೆ ಯಾಕೆ ಎದ್ದೆ ಎಂಬಂಥ ಮನೆ. ವರ್ಷ ತುಂಬುವ ಮೊದಲು ಗಂಡನೇ ಕಾರಿನಲ್ಲಿ ಪೆಟ್ಟಿಗೆ ಹಾಕಿಕೊಂಡು ಬಂದು ಅಕ್ಕನ ಮನೆಯ ಜಗಲಿಯ ಮೇಲೆ ಇಳಿಸಿ, ಅಕ್ಕನ ಮುಖ ನೋಡದೆ ಹೇಳಿದ್ದ. ಏನು ಹೇಳಿದ್ದನೆಂದು ಅವಳು ಬಿಡಿಸಿ ಹೇಳಬೇಕಾಗಲಿಲ್ಲ.

"ಹೊಂದಾಣಿಕೆ," ಮೇಸ್ತ್ರಿ ಅಂದ.

"ಹೂಂ. ಅದೇ." ಅವಳು ನಕ್ಕಳು. "ಅಂದಿನಿಂದ ಅಕ್ಕನ ಮನೆ ಮಾಳಿಗೆ ರೂಮು. ಅಕ್ಕ ಭಾವ ಇಬ್ರೂ ದೇವರಂಥೋರು. ಆದ್ರೂ ನಾನು ಪೆಟ್ಟಿಗೆ ಪೂರ್ತಿ ಬಿಚ್ಚಿಲ್ಲ."

ಅವನು ತುಂಬ ಹೊತ್ತು ಗೊಣಗಪ್ಪನ ಕಿವಿ ಸವರಿದ. "ಆ ನಾಟಕ ಬರೆದವರು ನನಗೆ ಗೊತ್ತು," ಎಂದ ಕಡೆಗೆ. "ಆ ಡೈಲಾಗ್ ತೆಗೆಸ್ತೀನಿ. ಇನ್ಮೇಲೆ ಯಾವ ಸ್ಟೇಜ್ ಮೇಲೂ ಅದು ಬರಲ್ಲ."

ಸಮಾಧಾನದ ಮಾತು ಅವಳು ಎಷ್ಟೋ ಕೇಳಿದ್ದಳು. ಇಷ್ಟು ಉಪಯೋಗದ್ದು ಕೇಳಿರಲಿಲ್ಲ.

ಗೊಣಗಪ್ಪನನ್ನು ಕೇಳಿಕೊಂಡು ಬಂದವಳು ಒಬ್ಬ ಟೈಲರಮ್ಮ. ಅಗಲ ಮುಖ, ಕನ್ನಡಕ ಹಣೆಯ ಮೇಲೆ, ಸೆರಗಿನಲ್ಲಿ ಸದಾ ಒಂದು ಸೂಜಿ. ಬಂದವಳೇ ಬೇಲಿಯ ಪಕ್ಕ ನೆಲದ ಮೇಲೆ ಕೂತು, ತಂದಿದ್ದ ಲಂಗಕ್ಕೆ ಅಂಚು ಹೊಲಿಯತೊಡಗಿದಳು. ಯಾವ ನಾಯಿಯನ್ನೂ ಕರೆಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಅಂಚು ಮುಗಿಯುವ ಹೊತ್ತಿಗೆ ಗೊಣಗಪ್ಪ ಅವಳ ಪಕ್ಕ ಮಲಗಿದ್ದ.

"ಇವನೂ ನನ್ನ ಹಾಗೇ ಗೊಣಗ್ತಾನೆ," ಎಂದಳು ಟೈಲರಮ್ಮ. "ಇಬ್ರೂ ಒಟ್ಟಿಗೆ ಗೊಣಗ್ತೀವಿ ಬಿಡಿ."

ಬಿಟ್ಟು ಬರಲು ಟೀಚರ್ ಆಶ್ರಯದ ವ್ಯಾನಿನಲ್ಲಿ ಹೊರಟಾಗ ಮೇಸ್ತ್ರಿಯೂ ಹತ್ತಿದ. ಟೈಲರಮ್ಮನ ಅಂಗಡಿಗೆ ಹೊಸ್ತಿಲಿರಲಿಲ್ಲ, ಬರೀ ಶಟರು. ಗೊಣಗಪ್ಪ ಆರಾಮಾಗಿ ಒಳಗೆ ನಡೆದ. ಆದರೆ ಅಂಗಡಿಯ ಹಿಂದಿನ ಮನೆಗೆ ಒಂದು ಬಾಗಿಲಿತ್ತು. ಅದರ ಮುಂದೆ ಕೂತುಬಿಟ್ಟ.

ಟೀಚರ್ ಮುಂದೆ ಬಂದು ಹಗ್ಗಕ್ಕೆ ಕೈ ಹಾಕಿದಳು. "ಬೇಕಾದ್ರೆ ಇನ್ನೂ ಸ್ವಲ್ಪ ದಿನ ನಾವೇ ಇಟ್ಕೊಂಡು..."

"ಏನೂ ಬೇಡ," ಎಂದಳು ಟೈಲರಮ್ಮ. "ನೀವಿಬ್ರೂ ಹೊರಡಿ. ನೀವಿದ್ರೆ ಅವನು ನಿಮ್ಮ ಮುಖಾನೇ ನೋಡ್ತಾನೆ, ನನ್ನ ಮುಖ ಯಾವಾಗ ನೋಡ್ಬೇಕು?"

ವಾಪಸು ಬರುವಾಗ ವ್ಯಾನು ತೀರ ಖಾಲಿ ಎನಿಸಿತು. ರಸ್ತೆಯ ಎರಡೂ ಕಡೆ ಸಂಜೆಯ ದೀಪಗಳು ಹತ್ತುತ್ತಿದ್ದವು.

"ನಾನೂ ಹೊರಡ್ತಿದೀನಿ," ಎಂದ ಮೇಸ್ತ್ರಿ. "ಹೊಸ ನಾಟಕ. ಊರಿಂದ ಊರಿಗೆ, ಸೀಸನ್ ಪೂರ್ತಿ."

ಅವಳ ಕೈ ಸ್ಟೀರಿಂಗಿನ ಮೇಲೆ ನೇರವಾಗಿತ್ತು. ಬಿಟ್ಟುಕೊಡುವುದು ಅವಳ ಕಸುಬು; ಯಾವ ಹಗ್ಗವನ್ನೂ ಬೆರಳು ನಡುಗದೆ ಬೇರೆ ಕೈಗೆ ಕೊಡಬಲ್ಲವಳು.

"ಒಳ್ಳೇದಾಯ್ತು," ಅಂದಳು.

ಆಶ್ರಯದ ಹತ್ತಿರದ ಬಸ್ ಸ್ಟಾಪಿನ ಬಳಿ ಅವನು ಇಳಿದು, ಕಿಟಕಿಗೆ ಕೈಯಿಟ್ಟು ನಿಂತ. ಕಣ್ಣಿನಲ್ಲಿ ಈಗ ನಗುವಿನ ಸಿದ್ಧತೆ ಇರಲಿಲ್ಲ. "ಏನಾದ್ರೂ ಹೇಳೋದಿದ್ಯಾ, ಟೀಚರ್?"

ಇತ್ತು.

"ಹುಷಾರಾಗಿ ಹೋಗ್ಬನ್ನಿ."

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ತಲೆಯಾಡಿಸಿ, ಕಿಟಕಿಯಿಂದ ಕೈ ತೆಗೆದ.

ತಾಲೀಮಿನ ಮನೆಯಲ್ಲಿ ಈಗ ಯಜಮಾನನ ಪಾತ್ರ ಆಶ್ರಯದ ವಾಚ್‌ಮನ್ನನದಾಯಿತು. ಅವನು ಬೆಲ್ ಮಾಡಿ ಒಳಗೆ ಬಂದು ಸೆಲ್ಯೂಟ್ ಹೊಡೆಯುತ್ತಿದ್ದ. ಸೋಫಾದ ಮೇಲೆ ಕೂರು ಎಂದರೆ ಅಂಚಿನಲ್ಲಿ ನೆಟ್ಟಗೆ ಕೂತು, "ಡ್ಯೂಟಿ ಎಷ್ಟೊತ್ತು ಮೇಡಂ?" ಎನ್ನುತ್ತಿದ್ದ. ನಾಯಿಗಳು ಅವನ ಗೊರಕೆಗೆ ಒಗ್ಗಿಕೊಂಡವು. ಟೀಚರ್ ಕನ್ನಡಿ ಒರೆಸಿದಳು, ಫ್ಯಾನು ಒರೆಸಿದಳು, ಚಹಾ ಆರಿಹೋಗುವವರೆಗೆ ಕೂತಳು.

"ನೀನು ಈಚೆಗೆ ಗೊಣಗ್ತೀಯ," ಅಕ್ಕ ಹೇಳಿದಳು, ತಂಗಿಯ ತಲೆಗೆ ಎಣ್ಣೆ ತಟ್ಟುತ್ತಾ. "ಆ ನಾಯಿ ಹೋಗ್ತಾ ಭಾಷೆ ನಿನಗೆ ಬಿಟ್ಟು ಹೋಯ್ತಾ?"

"ಬಿಡಕ್ಕ."

"ನಾನು ಬಿಡ್ತೀನಿ. ಮೇಸ್ತ್ರಿ ಮೇಸ್ತ್ರಿ ಅಂತ ವಟಗುಟ್ತಿದ್ದೆಯಲ್ಲ, ಈಗ ಆ ಹೆಸರೇ ಇಲ್ಲ. ಎಲ್ಲಿ ಬಿಟ್ಟೆ ಅವನನ್ನ?"

"ಬಸ್ ಸ್ಟಾಪಲ್ಲಿ," ಎಂದಳು ತಂಗಿ. ಹೇಳಿ ಮುಗಿಯುವುದರೊಳಗೆ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದ್ದಳು.

ಗೊಣಗಪ್ಪನನ್ನು ನೋಡಿ ಬರುವ ದಿನ ಬಂತು. ಹೊಸ ಮನೆಗೆ ಹೋದ ನಾಯಿಯನ್ನು ಹಾಗೆ ವಿಚಾರಿಸಿಕೊಳ್ಳುವುದು ಅವಳ ಕೆಲಸ. ಹೆದರಿಕೆಯಿಂದಲೇ ಹೋದಳು. ಅಂಗಡಿಯಲ್ಲಿ ಅವನಿರಲಿಲ್ಲ. ಬಾಗಿಲ ಮುಂದೆಯೂ ಇರಲಿಲ್ಲ. ಬಗ್ಗಿ ನೋಡಿದರೆ ಒಳಗೆ, ಅಡುಗೆಮನೆಯ ನಡುವೆ, ಎಲ್ಲರಿಗೂ ಅಡ್ಡವಾಗಿ, ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ಅವಳನ್ನು ಕಂಡು ಎದ್ದು ಬಂದು, ಕೈ ನೆಕ್ಕಿ, ಕ್ಷೇಮಸಮಾಚಾರವೆಲ್ಲ ಗೊಣಗಿ, ಮತ್ತೆ ಹೋಗಿ ಅಲ್ಲೇ ಮಲಗಿದ.

"ಹೇಗೆ ಬಂದ ಒಳಗೆ? ಏನ್ಮಾಡಿದ್ರಿ?"

"ಏನು ಮಾಡೋದು?" ಟೈಲರಮ್ಮ ದಾರ ಪೋಣಿಸುತ್ತಾ ಹೇಳಿದಳು. "ನೀವು ಹೋದ ಮೇಲೆ ಒಳಗೆ ಕೂತು ಬಾ ಅಂದೆ. ಬರ್ಲಿಲ್ಲ. ಊಟ ಮಾಡ್ತಾ ಬಾ ಅಂದೆ. ಬರ್ಲಿಲ್ಲ. ಬೆಳಗ್ಗೆ ಎದ್ದು ಅಂದೆ, ದೀಪ ಆರಿಸೋವಾಗ ಅಂದೆ. ಒಂದಿನ ಬಂದ. ಬರ್ದೇ ಇದ್ದಿದ್ರೂ ಅಂತಿದ್ದೆ ಅನ್ನಿ. ಕರೆಯೋಕೆ ನನಗೇನು ನಷ್ಟ?"

ಟೀಚರ್ ಕೈಯಲ್ಲಿದ್ದ ನೀರಿನ ಲೋಟ ಕುಡಿಯದೆ ಹಿಡಿದುಕೊಂಡೇ ಇದ್ದಳು.

ಅಷ್ಟು ದಿನ ಆ ಹಳದಿ ಮನೆಯ ಬಾಗಿಲಲ್ಲಿ ಮೇಸ್ತ್ರಿ ಬೆಲ್ ಮಾಡಿದ್ದ, ಅವಳು ತೆಗೆದಿದ್ದಳು. ಅವನು ತಾನಾಗಿ ಬಂದಿದ್ದ, ತಾನಾಗಿ ಉಳಿದಿದ್ದ, ಬಾಯಿಬಿಟ್ಟು ಕೇಳಿಯೂ ಇದ್ದ. ಬನ್ನಿ ಎಂದು ತಾನೇ ಒಮ್ಮೆಯಾದರೂ ಕರೆದದ್ದುಂಟೆ? ಹೋಗಿಬನ್ನಿ ಎಂದಿದ್ದಳು. ಅದನ್ನೂ ಹೋಗಿ ಎಂಬುದರ ಮೇಲೆಯೇ ಒತ್ತಿ ಹೇಳಿದ್ದಳು.

"ಬರ್ತೀನಮ್ಮ," ಎಂದು ಎದ್ದಳು. "ಒಂದು ಬಸ್ ಹಿಡೀಬೇಕು."

ನಾಟಕ ನಡೆಯುತ್ತಿದ್ದದ್ದು ನದಿಯಾಚೆಯ ಊರಿನಲ್ಲಿ, ಮಧ್ಯಾಹ್ನದ ಆಟ. ಅವಳು ತಲುಪುವ ಹೊತ್ತಿಗೆ ಪರದೆ ಎದ್ದಿತ್ತು. ಸಭಾಂಗಣದ ಕತ್ತಲೆಯಲ್ಲಿ ಸಾಲುಸಾಲು ತಲೆಗಳು, ಎದುರಿಗೆ ಬೆಳಗುವ ಒಂದು ಮನೆ. ಅವಳು ಕೂರಲಿಲ್ಲ. ಗೋಡೆ ಹಿಡಿದು ಪಕ್ಕದ ಬಾಗಿಲಿನಿಂದ ರಂಗದ ಹಿಂದಕ್ಕೆ ನಡೆದಳು.

ಹಿಂದಿನಿಂದ ನೋಡಿದರೆ ಆ ಮನೆಗೆ ಬಣ್ಣವಿಲ್ಲ. ಬರೀ ಹಲಗೆ, ಪಟ್ಟಿ, ಮೊಳೆ, ಚೌಕಟ್ಟಿಗೆ ಬಿಗಿದ ಕ್ಯಾನ್ವಾಸು. ಅದರ ಮಧ್ಯೆ ಮೇಸ್ತ್ರಿ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಕಾಲು ಹಿಂದಕ್ಕೆ ಚಾಚಿ ನಿಂತಿದ್ದ. ಆಧಾರದ ಕಟ್ಟಿಗೆ ಸೀಳಿ ಕೆಳಗೆ ಬಿದ್ದಿತ್ತು. ಅವಳನ್ನು ಕಂಡು ಅವನ ಬಾಯಿ ತೆರೆಯಿತು.

"ನೀವಾ!"

"ಶ್..."

"ಕೈ ಬಿಡೋ ಹಾಗಿಲ್ಲ," ಅವನು ಪಿಸುಗುಟ್ಟಿದ. "ಬಿಟ್ರೆ ಗೋಡೆ ನಾಯಕನ ತಲೆ ಮೇಲೆ ಬೀಳುತ್ತೆ."

"ಬಿಡ್ಬೇಡಿ. ಹಾಗೇ ಇರಿ. ನಾನು ಹೇಳೋವರೆಗೂ ನೀವು ಎಲ್ಲೂ ಹೋಗೋ ಹಾಗಿಲ್ಲ, ಅದೇ ಒಳ್ಳೇದು."

"ನಾನು ಓಡಿಹೋಗೋನಲ್ಲ ಟೀಚರ್."

"ಗೊತ್ತು. ಓಡಿಹೋಗೋಳು ನಾನು."

ಗೋಡೆಯ ಆಚೆ ನಾಯಕ ಏನೋ ಅಂದ, ಜನ ನಕ್ಕರು. ಆ ನಗು ಇಳಿಯುವವರೆಗೆ ಅವಳು ಕಾದಳು.

"ಬನ್ನಿ ಅಂತ ಹೇಳೋಕೆ ಬಂದೆ."

"ಎಲ್ಲಿಗೆ?"

"ನನ್ನ ಹತ್ರ. ಸೀಸನ್ ಮುಗಿಸ್ಕೊಂಡೇ ಬನ್ನಿ, ಊರೆಲ್ಲ ಸುತ್ಕೊಂಡೇ ಬನ್ನಿ. ಬರೋವರೆಗೂ ಕರೀತೀನಿ. ಬಂದ್ಮೇಲೂ ಕರೀತೀನಿ." ಉಸಿರು ಎಳೆದುಕೊಂಡಳು. "ಆದ್ರೆ ತಿಳ್ಕೊಂಡು ಬನ್ನಿ. ನನ್ನ ಜೊತೆ ಇರೋದು ಸುಲಭ ಅಲ್ಲ. ಬೆಳಗ್ಗೆ ಎದ್ರೆ ಯಾರ ಹತ್ರಾನೂ ಮಾತಾಡಲ್ಲ. ಬಟ್ಟೆ ತುಂಬ ನಾಯಿ ಕೂದಲು. ಸಿಟ್ಟು ಬಂದ್ರೆ ಹೇಳಲ್ಲ, ಪಾತ್ರೆ ಕುಕ್ತೀನಿ."

"ನಾನು ಗೊರಕೆ ಹೊಡೀತೀನಿ," ಅವನು ತಕ್ಷಣ ಅಂದ. "ಒಂದೂರಲ್ಲಿ ನಿಂತವನಲ್ಲ. ಮನೆ ಅಂತ ಎಷ್ಟು ಎಬ್ಬಿಸಿದೀನೋ ಲೆಕ್ಕ ಇಲ್ಲ, ಒಂದಕ್ಕೂ ಹಿಂಬದಿ ಬಣ್ಣ ಇಲ್ಲ, ನೋಡಿ ನೀವೇ."

"ನೋಡ್ದೆ. ಹಿಂಬದಿಯಿಂದಾನೇ ಬಂದೆ."

ಅವನು ಅವಳನ್ನು ನೋಡಿದ. ಈ ಸಲ ಯಾವ ನಾಯಿಗೂ ಪಾಠವಾಗಬೇಕಿರಲಿಲ್ಲ. ಹಣೆಯ ಬೆವರು ರೆಪ್ಪೆಗಿಳಿದರೂ ಅವನು ಕಣ್ಣು ಮಿಟುಕಿಸಲಿಲ್ಲ. "ಬಸ್ ಸ್ಟಾಪಲ್ಲಿ ನೀವು ಒಂದೇ ಒಂದು ಮಾತು ಅಂದಿದ್ರೆ ನಾನು ಈ ಸೀಸನ್ನೇ ಬಿಡ್ತಿದ್ದೆ."

"ಅದಕ್ಕೇ ಅನ್ಲಿಲ್ಲವೇನೋ. ನಾಟಕ ಬಿಡಿಸೋಕೆ ನನಗಿಷ್ಟ ಇಲ್ಲ."

"ನನಗೆ ನೀವು ಅಂದ್ರೆ..." ಅವನು ನಿಲ್ಲಿಸಿದ. "ಎಷ್ಟು ನಾಟಕದಲ್ಲಿ ಈ ಮಾತು ಕೇಳಿದೀನಿ. ನನಗೆ ಹೇಳೋಕೇ ಬರ್ತಿಲ್ಲ."

"ಬರ್ದೇ ಇದ್ರೆ ಬೇಡ. ಕೇಳಿಸ್ತು."

ಅವಳು ಅವನ ಪಕ್ಕಕ್ಕೆ ಬಂದು, ಅವನ ಅಂಗೈಗಳ ನಡುವೆ ಇದ್ದ ಜಾಗದಲ್ಲಿ ತನ್ನದೊಂದು ಅಂಗೈ ಇಟ್ಟು ಒತ್ತಿದಳು. ಗೋಡೆ ಹಗುರಾಗಿತ್ತು, ಆದರೆ ತುಂಬ ಹೊತ್ತು ಹಿಡಿದರೆ ಭಾರವಾಗುವಂಥದ್ದು. ಕ್ಯಾನ್ವಾಸಿನ ಮೂಲಕ ಆಚೆಯ ದೀಪದ ಶಾಖ ಕೈಗೆ ತಾಗುತ್ತಿತ್ತು. ಅವನ ಕಿರುಬೆರಳು ಸರಿದು ಬಂದು ಅವಳ ಕಿರುಬೆರಳ ಮೇಲೆ ಕೂತಿತು.

ಆಚೆ ಚಪ್ಪಾಳೆ ಎದ್ದಿತು. ದೀಪ ಆರಿ ಎಲ್ಲ ಕಪ್ಪಾಯಿತು.

"ಈಗ ಸೀನ್ ಬದಲಾಯಿಸ್ಬೇಕು," ಅವನ ದನಿ ಅವಳ ಕಿವಿಯ ಹತ್ತಿರವೇ ಇತ್ತು. "ಆ ತುದಿ ಹಿಡ್ಕೊಳ್ತೀರಾ?"

"ನನಗೇನೂ ಕಾಣ್ತಿಲ್ಲ."

"ನನಗೂ. ನಿಧಾನ ಹೆಜ್ಜೆ ಹಾಕಿ. ಹಾಂ, ಹಾಗೇ."

ಇಬ್ಬರೂ ಗೋಡೆಯನ್ನು ಎತ್ತಿಕೊಂಡು ಕತ್ತಲೆಯಲ್ಲಿ ನಡೆದರು. ಅಕ್ಕಪಕ್ಕ ಯಾರುಯಾರೋ ಸದ್ದಿಲ್ಲದೆ ಓಡಾಡುತ್ತಿದ್ದರು. ಒಂದು ಕಡೆ ಇಳಿಸಿ, ಒರಗಿಸಿ ನಿಲ್ಲುವಷ್ಟರಲ್ಲಿ ರಂಗದ ಮೇಲೆ ನೀಲಿ ಬೆಳಕು ಮೆಲ್ಲಗೆ ಏರಿ ಒಂದು ತೋಟವಾಯಿತು. ಆ ಬೆಳಕಿನ ಅಂಚು ಹರಿದು ಬಂದು ಅವರಿಬ್ಬರ ಪಾದಗಳ ಬಳಿ ನಿಂತಿತು.

"ಮುಂದೆ ಏನು ಎತ್ತಬೇಕು ಮೇಸ್ತ್ರಿ?" ಅವಳು ಪಿಸುಗುಟ್ಟಿದಳು.

"ಏನೂ ಇಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಈ ಸೀನು ತುಂಬಾ ಉದ್ದ ಇದೆ."